ಅಳಿಸಿದ ಟ್ವೀಟ್ ಎಲ್ಲಿ ಹೋಗುತ್ತದೆ?

ಪ್ರಶ್ನೆ: ರಾಜಕಾರಣಿಗಳು ಟ್ವೀಟ್ ಅಳಿಸಿದರೆ ವಿವಾದ ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ, ಸ್ಕ್ರೀನ್‌ಶಾಟ್ ಉಳಿದಿರುತ್ತದೆ. ತೇಜಸ್ವಿ ಸೂರ್ಯ ಸಂಸದರಾಗುವ ಮೊದಲು, 2015ರಲ್ಲಿ, ಅರಬ್ ಮಹಿಳೆಯರ ಬಗ್ಗೆ ಬೇರೊಬ್ಬರ ಮಾತನ್ನು ಉಲ್ಲೇಖಿಸಿ ಹಾಕಿದ್ದ ಟ್ವೀಟ್ 2020ರ ಏಪ್ರಿಲ್‌ನಲ್ಲಿ ಕೊಲ್ಲಿ ದೇಶಗಳ ಹಲವರನ್ನು ಕೆರಳಿಸಿತು. ಅವರು ಅಳಿಸಿದರು; ಅದರ ಚಿತ್ರ ಮಾತ್ರ ಹರಿದಾಡುತ್ತಲೇ ಇತ್ತು.

ಅದೇ ತಿಂಗಳು ಒಮಾನ್ ರಾಜಮನೆತನದ ಮೋನಾ ಬಿಂತ್ ಫಹದ್ ಅವರ ಹೆಸರಿನ ಖಾತೆಯೊಂದು, ಭಾರತೀಯ ಕಾರ್ಮಿಕರನ್ನು ಹೊರಹಾಕುತ್ತೇವೆ ಎಂದು ಬೆದರಿಸಿತು. ಖಾತೆ ನಕಲಿ ಎಂದು ಸ್ವತಃ ಅವರೇ ಸ್ಪಷ್ಟಪಡಿಸಿದರು. ಆದರೆ ಅಂಥ ಸುಳ್ಳು ನಂಬುವಂತಿತ್ತು, ಏಕೆಂದರೆ ಕೊಲ್ಲಿಯ ಜನರ ಸಿಟ್ಟು ನಿಜವಾಗಿತ್ತು. ನನ್ನ ಪ್ರಕಾರ, ಸದ್ದಿಲ್ಲದೆ ಅಳಿಸುವುದು ಸಾಲದು. ನೋವಾದವರ ಕ್ಷಮೆ ಕೇಳಬೇಕು. ಬೆಂಗಳೂರಿನಲ್ಲಿ ಬರೆದ ಸಾಲಿಗೆ ಮಸ್ಕತ್‌ನಲ್ಲಿ ದುಡಿಯುವ ಕನ್ನಡಿಗ ತನ್ನ ಸಹೋದ್ಯೋಗಿಗಳಿಗೆ ಉತ್ತರ ಹೇಳಬೇಕಾಗುತ್ತದೆ.