ನೀರಿನಡಿ ನಿಲ್ಲಲು ಬಂತೇ?

ಮುರುಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಕಲಿತು ಬಂದ ಹುಡುಗ ವಾರ ಕಳೆಯುವುದರೊಳಗೆ ಅಪ್ಪನ ಮುಂದೆ ಹೊಸ ಬೇಡಿಕೆ ಇಡುತ್ತಾನೆ: ‘ಇನ್ನು ಅಡ್ವಾನ್ಸ್ಡ್ ಕೋರ್ಸ್ ಮಾಡಬೇಕು.’ ದುಡ್ಡಿನ ಮಾತು ಒತ್ತಟ್ಟಿಗಿರಲಿ. ಅವನು ಅದಕ್ಕೆ ಸಿದ್ಧನಾಗಿದ್ದಾನೆಯೇ ಎಂದು ತಿಳಿಯುವುದು ಹೇಗೆ?

ಮಾರ್ಗದರ್ಶಕನ ಕೈ ಹಿಡಿದು ಒಮ್ಮೆ ಮುಳುಗಿ, ಫೋಟೊ ತೆಗೆಸಿಕೊಂಡು ಬರುವುದು ಬರೀ ರುಚಿ ನೋಡಿದಂತೆ. ನಿಜವಾದ ಮೊದಲ ಮೆಟ್ಟಿಲು ‘ಓಪನ್ ವಾಟರ್’ ಕೋರ್ಸು. ‘ಪ್ಯಾಡಿ’ ಸಂಸ್ಥೆಯ ಪಠ್ಯಕ್ರಮದಲ್ಲಿ ಇದಕ್ಕೆ ತೆರೆದ ನೀರಿನಲ್ಲಿ ನಾಲ್ಕು ಡೈವ್‌ಗಳು. ಪಾಸಾದವರಿಗೆ ಆಳದ ಮಿತಿ 18 ಮೀಟರ್. ಮುಂದಿನದೇ ಅಡ್ವಾನ್ಸ್ಡ್: ಐದು ಡೈವ್‌ಗಳು, ಮಿತಿ 30 ಮೀಟರ್. ಹದಿನೈದು ತುಂಬದ ಮಕ್ಕಳಿಗೆ ಈ ಮಿತಿ ಇನ್ನೂ ಕಡಿಮೆ. ಹೆಸರು ದೊಡ್ಡದಾದರೂ ಇದು ಪರಿಣತರ ಕೋರ್ಸಲ್ಲ. ಮೊದಲನೆಯದು ಮುಗಿದ ಮಾರನೆಯ ದಿನವೇ ಸೇರಬಹುದು. ಸೇರಬಹುದು ಎಂದ ಮಾತ್ರಕ್ಕೆ ಸೇರಲೇಬೇಕೆಂದಿಲ್ಲ.

ಇಲ್ಲಿ ಹೈಸ್ಕೂಲಿನಲ್ಲಿ ಓದಿದ ಬಾಯ್ಲನ ನಿಯಮವನ್ನು ನೆನಪಿಸಿಕೊಳ್ಳಬೇಕು. ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಡೈವರ್ ತೊಡುವ ಜಾಕೆಟ್ಟಿನಲ್ಲಿ ತೇಲಲು ಬೇಕಾದಷ್ಟು ಗಾಳಿ ತುಂಬಿಕೊಳ್ಳುವ ವ್ಯವಸ್ಥೆಯಿದೆ. ಹೊಸಬ ಕೆಳಗಿಳಿಯುತ್ತಿದ್ದಾನೆಂದು ಅನಿಸಿದೊಡನೆ ಗಾಬರಿಯಿಂದ ಗುಂಡಿ ಒತ್ತುತ್ತಾನೆ. ಮೇಲೇರತೊಡಗುತ್ತಾನೆ. ಏರಿದಂತೆ ಒತ್ತಡ ಇಳಿದು ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒಂದು ಲೀಟರ್ ಇದ್ದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಲೀಟರ್! ಶ್ವಾಸಕೋಶದೊಳಗಿನ ಗಾಳಿಗೂ ಇದೇ ನಿಯಮ. ಆ ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿದು ಜೀವಕ್ಕೇ ಸಂಚಕಾರ. ಆಳವೇ ಅಪಾಯ ಎಂದು ತಂದೆತಾಯಿ ಹೆದರುತ್ತಾರೆ. ಆದರೆ ಗಾಳಿಯ ಗಾತ್ರ ಅತಿ ಬೇಗ ಬದಲಾಗುವುದು ಮೇಲಿನ ಹತ್ತು ಮೀಟರಿನಲ್ಲೇ.

ಆದ್ದರಿಂದ ಎಷ್ಟು ಡೈವ್ ಆಯಿತೆಂದು ಎಣಿಸುವುದಕ್ಕಿಂತ, ಹುಡುಗನಿಗೆ ನೀರಿನಲ್ಲಿ ನಿಲ್ಲಲು ಬರುತ್ತದೆಯೇ ಎಂದು ಕೇಳುವುದು ಮೇಲು. ಕೈ ಬಡಿಯದೆ, ತಳದ ಹವಳ ಮುಟ್ಟದೆ, ಬರೀ ಉಸಿರಾಟದಿಂದಲೇ ಒಂದೆರಡು ನಿಮಿಷ ಅದೇ ಮಟ್ಟದಲ್ಲಿ ಇರಬಲ್ಲನೇ? ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ಶಿಕ್ಷಕರು ಕೇಳುವ ಮುನ್ನ ತಾನೇ ನೋಡಿಕೊಳ್ಳುತ್ತಾನೆಯೇ? ಇದು ಮುಖ್ಯ, ಏಕೆಂದರೆ 30 ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲ್ಮೈಯಲ್ಲಿ ಬೇಕಾಗುವ ನಾಲ್ಕರಷ್ಟು ಗಾಳಿ ಖರ್ಚಾಗುತ್ತದೆ. ಆ ಆಳದಲ್ಲಿ ಸಾರಜನಕದಿಂದ ಸಣ್ಣ ಮತ್ತು ಏರುವುದೂ ಉಂಟು.

ಇವು ಬಂದಿದ್ದರೆ ಮಾರನೆಯ ದಿನವೇ ಸೇರಿದರೂ ತಪ್ಪಿಲ್ಲ. ಶಿಕ್ಷಕರ ಕಣ್ಣೆದುರು ಇನ್ನೈದು ಡೈವ್ ಸಿಕ್ಕಿದ್ದು ಲಾಭವೇ. ಬಾರದಿದ್ದರೆ ತೇಲುವಿಕೆಯ ನಿಯಂತ್ರಣಕ್ಕೆಂದೇ ಇರುವ ಚಿಕ್ಕ ಕೋರ್ಸು ಮೊದಲಾಗಲಿ, ಇಲ್ಲವೆ 10-12 ಮೀಟರ್ ಆಳದಲ್ಲೇ ಇನ್ನಷ್ಟು ಡೈವ್‌ಗಳಾಗಲಿ. ನೋಡಲು ಮೀನುಗಳು ಅಲ್ಲಿಯೂ ಧಾರಾಳ.

ಇನ್ನೊಂದು ಮಾತು. ಮಳೆಗಾಲದಲ್ಲಿ ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ. ಕಾರ್ಡಿಗೆ ಅವಧಿ ಮುಗಿಯುವುದಿಲ್ಲವಾದರೂ ಕೈಗೆ ಮರೆವು ಬರುತ್ತದೆ. ಬೇಸಿಗೆಯಲ್ಲಿ ಕಲಿತು ಮುಂದಿನ ಬೇಸಿಗೆಗೆ ಅಡ್ವಾನ್ಸ್ಡ್ ಸೇರಲು ಹೊರಟವರು ಒಂದು ದಿನ ಮುಂಚಿತವಾಗಿ ಹೋಗಿ, ಈಜುಕೊಳದಲ್ಲಿ ಮುಖಗವಸಿನೊಳಗೆ ನುಗ್ಗಿದ ನೀರನ್ನು ಮೂಗಿನ ಉಸಿರಿನಿಂದ ಹೊರಹಾಕುವುದನ್ನೂ, ಜೊತೆಗಾರನ ಗಾಳಿಯನ್ನು ಹಂಚಿಕೊಳ್ಳುವುದನ್ನೂ ಮತ್ತೊಮ್ಮೆ ಅಭ್ಯಾಸ ಮಾಡಿಕೊಳ್ಳಬೇಕು.