ಪಾಳಿ ಮುಗಿದರೂ ಮಾಹಿತಿ ಉಳಿಯಲಿ

ನಾನು ಕಿರಿಯ ವೈದ್ಯನಾಗಿದ್ದಾಗ ನಡೆದ ಸಂಗತಿ. ಅಜ್ಜಿಯೊಬ್ಬರಿಗೆ ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಅವರ ಮಗಳು ರಾತ್ರಿ ಪಾಳಿಯ ಸಿಸ್ಟರ್‌ಗೆ ಹೇಳಿದ್ದರು. ಸಿಸ್ಟರ್ ನನಗೆ ತಿಳಿಸಿದರು. ನಾನು ತಲೆಯಾಡಿಸಿದೆ, ಕೇಸ್ ಪೇಪರಿನಲ್ಲಿ ಬರೆಯಲಿಲ್ಲ. ಬೆಳಗಿನ ಪಾಳಿಯವರು ಅದೇ ಗುಂಪಿಗೆ ಸೇರಿದ ಆಂಪಿಸಿಲಿನ್ ಇಂಜೆಕ್ಷನ್ ಹಿಡಿದು ಬಂದರು. "ಯವ್ವಾ, ಅದು ನನಗ ಆಗಂಗಿಲ್ಲ, ರಾತ್ರೀನ ಹೇಳೇವಲ್ಲ" ಎಂದು ಅಜ್ಜಿ ಕೈ ಹಿಡಿದು ನಿಲ್ಲಿಸಿದರು. ಅಂದು ಅನಾಹುತ ತಪ್ಪಿದ್ದು ಅವರ ಎಚ್ಚರದಿಂದ, ತಪ್ಪು ನನ್ನದು.

ಆಸ್ಪತ್ರೆಯ ಜ್ಞಾನವೆಲ್ಲ ವೈದ್ಯಕೀಯ ಪುಸ್ತಕಗಳಲ್ಲಿ ಇರುವುದಿಲ್ಲ. ಯಾರಿಗೆ ರಾತ್ರಿ ಉಸಿರು ಕಟ್ಟಿತು, ಯಾರು ಗುಳಿಗೆ ನುಂಗದೆ ಉಗುಳುತ್ತಾರೆ ಎಂಬುದು ಸಿಸ್ಟರ್, ಆಯಾ, ವಾರ್ಡ್‌ಬಾಯ್‌ಗಳಿಗೆ ಗೊತ್ತು. ಬರೆದಿಡದಿದ್ದರೆ ಪಾಳಿ ಮುಗಿದೊಡನೆ ಅದೂ ಅವರೊಂದಿಗೆ ಮನೆಗೆ ಹೋಗುತ್ತದೆ. ರೋಗಿಗಳ ಸುರಕ್ಷತೆಗಾಗಿ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ 9 ಉಪಾಯಗಳಲ್ಲಿ, ಒಬ್ಬರಿಂದ ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸುವಾಗ ಮಾಹಿತಿಯನ್ನು ಸರಿಯಾಗಿ ದಾಟಿಸುವುದೂ ಒಂದು. ರೋಗಿಯ ಹಾಸಿಗೆಯ ಬಳಿಯೇ ನಿಂತು ಓದಿ ಹೇಳಬೇಕು. ಕೇಳಿದವರು ಅದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಪಾಳಿ ಬದಲಾವಣೆಯೊಂದಿದೆ. ಬೇನೆ ಹೆಚ್ಚಾದರೆ ಅಥಣಿ, ಕಾಗವಾಡ, ರಾಯಬಾಗದವರು ಮಿರಜ, ಸಾಂಗ್ಲಿಯ ದಾರಿ ಹಿಡಿಯುತ್ತಾರೆ. ನಿಪ್ಪಾಣಿ, ಚಿಕ್ಕೋಡಿಯವರು ಕೊಲ್ಹಾಪುರ ಇಲ್ಲವೆ ಬೆಳಗಾವಿಯ ದಾರಿ. ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಆರಂಭಿಸಿದ್ದರು. ಗಡಿ ದಾಟಿ ಚಿಕಿತ್ಸೆ ಪಡೆಯುವ ರೂಢಿ ನಮಗೆ ಹೊಸದಲ್ಲ. ಗಡಿ ದಾಟಿದಾಗ ವೈದ್ಯರು ಬದಲು, ಭಾಷೆ ಬದಲು. ಊರಿನ ವೈದ್ಯರು ಕೊಟ್ಟ ಔಷಧ ಅಲ್ಲಿಯವರಿಗೆ ತಿಳಿಯುವುದು ನಿಮ್ಮ ಕೈಚೀಲದಲ್ಲಿರುವ ಕಾಗದದಿಂದಲೇ.

ಆದ್ದರಿಂದ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಫೈಲ್ ಮಾಡಿರಿ. ಮೊದಲ ಹಾಳೆಯಲ್ಲಿ ಒಗ್ಗದ ಔಷಧ, ಈಗ ನುಂಗುತ್ತಿರುವ ಗುಳಿಗೆ, ಹಿಂದೆ ಆದ ಶಸ್ತ್ರಚಿಕಿತ್ಸೆ ಬರೆಯಿರಿ. "ಬಿಳಿ ಗುಳಿಗೆ" ಎಂದು ಹೇಳುವ ಬದಲು ಗುಳಿಗೆಯ ಪಟ್ಟಿಯನ್ನೇ ಒಯ್ಯಿರಿ. ಡಿಸ್ಚಾರ್ಜ್ ಕಾರ್ಡ್ ಇಲ್ಲದೆ ಆಸ್ಪತ್ರೆ ಬಿಡಬೇಡಿ; ಅದರಲ್ಲಿ ಬರೆದದ್ದನ್ನು ಓದಿ ಹೇಳಿಸಿಕೊಳ್ಳಿ. 2021ರಲ್ಲಿ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿದರೆ, ನಿಮ್ಮ ಒಪ್ಪಿಗೆಯ ಮೇರೆಗೆ ದಾಖಲೆಗಳನ್ನು ಒಂದೆಡೆ ಜೋಡಿಸಬಹುದು. ಆದರೂ ಕಾಗದದ ಫೈಲ್ ಬಿಡಬೇಡಿ.

ಹಾಗೆಯೇ, ನೀವು ಹೇಳಿದ ಮಾತಿಗೆ ವೈದ್ಯರು ತಲೆಯಾಡಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. "ಡಾಕ್ಟರೇ, ಅದನ್ನು ಬರೆದುಕೊಂಡಿರಾ?" ಎಂದು ಕೇಳಿರಿ. ನಾವು ಬೇಸರಪಡುವುದಿಲ್ಲ, ಪಡಲೂಬಾರದು.