ಈಜು, ಸೈಕಲ್ಲು, ಓಟ

ಒಂದೇ ದಿನದಲ್ಲಿ, ಬಟ್ಟೆ ಬದಲಾಯಿಸುವಷ್ಟು ಮಾತ್ರ ಬಿಡುವು ಮಾಡಿಕೊಂಡು, ಮೊದಲು ಈಜಿ, ಆಮೇಲೆ ಸೈಕಲ್ಲು ತುಳಿದು, ಕಡೆಗೆ ಓಡಿ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಇದನ್ನು ನಮ್ಮ ತಾಯಿಯವರಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೂರನ್ನೂ ಒಂದೇ ದಿವಸ ಯಾಕಪ್ಪಾ ಮಾಡಬೇಕು?”

ಪ್ರಶ್ನೆ ಸಮಂಜಸವಾದದ್ದೇ. ಅದಕ್ಕೆ ಉತ್ತರ ಹವಾಯಿಯ ಓಹೂ ದ್ವೀಪದಲ್ಲಿದೆ. ಈಜುಗಾರ, ಓಟಗಾರ, ಸೈಕಲ್ ಸವಾರ, ಇವರಲ್ಲಿ ಯಾರು ಹೆಚ್ಚು ಗಟ್ಟಿಗರು ಎಂಬ ಹರಟೆಯ ವಾದವನ್ನು ತೀರ್ಮಾನಿಸಲೆಂದು ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಎಂಬಾತ, ಆ ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಪಂದ್ಯಗಳ ದೂರಗಳನ್ನು ಒಂದೇ ದಾರದಲ್ಲಿ ಪೋಣಿಸಿದ. 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್ಲು, 42.2 ಕಿಲೋಮೀಟರು ಓಟ. 1978ರ ಫೆಬ್ರವರಿ 18ರಂದು ಹೊರಟವರು ಹದಿನೈದು ಜನ, ಮುಗಿಸಿದವರು ಹನ್ನೆರಡು. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡ ಕಾಲ ಹನ್ನೊಂದು ಮುಕ್ಕಾಲು ಗಂಟೆಗೂ ತುಸು ಹೆಚ್ಚು. ಎರಡನೆಯವನಾಗಿ ಬಂದವನ ಸಹಾಯಕರ ಬಳಿ ದಾರಿಯಲ್ಲಿ ನೀರು ಮುಗಿದುಹೋಗಿ, ಬೀರು ಕುಡಿಸಿದರಂತೆ! ‘ಐರನ್‌ಮ್ಯಾನ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಇದರ ಅರ್ಧದೂರದ ಸ್ಪರ್ಧೆಯೂ ಇದೆ. 1.9, 90 ಮತ್ತು 21.1 ಕಿಲೋಮೀಟರು. 2019ರಲ್ಲಿ ಅದು ಗೋವೆಯ ಮಿರಾಮಾರ್ ಕಡಲತೀರಕ್ಕೆ ಬಂದಿತು. ಇದು ಪರದೇಶದವರಿಗೆ ಮಾತ್ರ ಮೀಸಲಾದ ಸಾಹಸವೇನಲ್ಲ. ನಮ್ಮ ಬೆಂಗಳೂರಿನಲ್ಲೇ ಅಭ್ಯಾಸ ಮಾಡಿದ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದಲ್ಲಿ, ಮೂರು ದಿನ ನಡೆಯುವ ‘ಅಲ್ಟ್ರಾಮ್ಯಾನ್’ ಎಂಬ ಇನ್ನೂ ದೀರ್ಘವಾದ ಸ್ಪರ್ಧೆಯನ್ನು ಪೂರೈಸಿದರು. ಅದರಲ್ಲಿ ಈಜೇ ಹತ್ತು ಕಿಲೋಮೀಟರು, ಸೈಕಲ್ಲು 420.

ನಾನಿರುವುದು ಜೀವನ್ ಬಿಮಾ ನಗರದಲ್ಲಿ. ಜೀವವಿಮೆಯ ಹೆಸರು ಹೊತ್ತ ಬಡಾವಣೆಯಲ್ಲಿ ಇಂಥ ದುಸ್ಸಾಹಸಕ್ಕೆ ಇಳಿದೆವೆಂದು ಕೆಲವು ಮಿತ್ರರು ನಗುವುದುಂಟು. ನಮ್ಮ ಕೂಟದಲ್ಲಿ ಆರು ಜನ: ನಾನು, ನನ್ನ ಇಬ್ಬರು ಸಹಪಾಠಿಗಳು, ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಎದುರುಮನೆಯ ಅಕ್ಕ, ನಿವೃತ್ತರಾದ ಒಬ್ಬ ಯಜಮಾನರು ಮತ್ತು ಬೆಳಗ್ಗೆ ನಮ್ಮ ಬೀದಿಗಳಿಗೆ ಪತ್ರಿಕೆ ಹಾಕುವ ಹದಿನೆಂಟರ ಒಬ್ಬ ತರುಣ. ಗೇರಿಲ್ಲದ ಸೈಕಲ್ಲು ಅವನೊಬ್ಬನದೇ.

ಮೊದಲು ಹೆದರಿಸಿದ್ದು ನೀರು. ಹಲಸೂರು ಕೆರೆ ನಮಗೆ ಹತ್ತಿರವೇ; ಆದರೆ ಅದು ಸುತ್ತ ನಡೆಯಲು ಚೆನ್ನ, ಇಳಿದು ಈಜಲು ಅಲ್ಲ. ಆದಕಾರಣ ಈಜುಕೊಳಕ್ಕೆ ಹಣ ಕಟ್ಟಿದೆವು. 50 ಮೀಟರಿನ ಕೊಳದಲ್ಲಿ 1.9 ಕಿಲೋಮೀಟರೆಂದರೆ ಮೂವತ್ತೆಂಟು ಸಲ ಈ ಕಡೆಯಿಂದ ಆ ಕಡೆ. ನನಗೆ ಮೊದಲ ದಿನ ಒಂದು ಸಲವೇ ಪೂರ್ತಿಯಾಗಲಿಲ್ಲ. ತಪ್ಪು ತೋಳಿನದಲ್ಲ, ಉಸಿರಿನದು. ಹೊಸಬರು ನೀರಿನೊಳಗೆ ಉಸಿರು ಬಿಗಿಹಿಡಿದು, ತಲೆ ಎತ್ತಿದಾಗ ಬಿಡುವುದು ಮತ್ತು ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಹೋಗುತ್ತಾರೆ. ನೀರಿನೊಳಗಿರುವಾಗಲೇ ನಿಧಾನವಾಗಿ ಉಸಿರು ಬಿಡುತ್ತಿದ್ದರೆ, ಮುಖ ಹೊರಳಿಸಿದಾಗ ಎಳೆದುಕೊಳ್ಳುವ ಕೆಲಸವೊಂದೇ ಉಳಿಯುತ್ತದೆ. ಈ ಒಂದು ಮಾತು ತಲೆಗೆ ಹೋಗಲು ನನಗೆ ಮೂರು ವಾರ ಹಿಡಿಯಿತು. ಕಡಲಲ್ಲಿ ಕೊಳದ ಕರಿಗೆರೆಯೂ ಇರುವುದಿಲ್ಲ. ಕೆಲವು ಬೀಸಿಗೊಮ್ಮೆ ತಲೆಯೆತ್ತಿ ಗುರುತು ನೋಡಿಕೊಳ್ಳಬೇಕು. ಅದನ್ನೂ ಕೊಳದಲ್ಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಓಟದ ವಿಷಯ ಸುಲಭ: ಮಾತನಾಡಲು ಆಗುವಷ್ಟು ವೇಗದಲ್ಲಿ ಓಡಬೇಕು. ನಮ್ಮ ಯಜಮಾನರು ಹದಿನೇಳರ ಮಗ್ಗಿ ಹೇಳುತ್ತಾ ಓಡುತ್ತಾರೆ. ಮಗ್ಗಿ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ನನಗೆ ಮಗ್ಗಿಯೇ ಸರಿಯಾಗಿ ಬಾರದಾದ್ದರಿಂದ ಆ ಅಳತೆ ನನಗೆ ಒಗ್ಗಲಿಲ್ಲ.

ಇನ್ನು ಸೈಕಲ್ಲು. ಇಲ್ಲಿಯೇ ನಾವು ಎಡವಿದ್ದು.

ನಾಲ್ಕನೆಯ ಭಾನುವಾರ ಐದೂವರೆಗೆ ಹಳೆಯ ಮದರಾಸು ರಸ್ತೆಯಲ್ಲಿ ಹೊಸಕೋಟೆಗೆ ಹೊರಟೆವು. ಗುಂಪಿನಲ್ಲಿ ಸೈಕಲ್ಲು ಹೊಡೆಯುವುದರಲ್ಲಿ ಒಂದು ಲಾಭವಿದೆ. ಮುಂದಿನವನು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ, ಅವನ ಬೆನ್ನ ಹಿಂದೆಯೇ ಇರುವವನಿಗೆ ಶ್ರಮ ಸುಮಾರು ಕಾಲುಭಾಗಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಒಮ್ಮೆ ಹಿಂದೆ ಬಿದ್ದು ಆ ಆಸರೆ ತಪ್ಪಿದರೆ, ದಣಿದವನೇ ಎಲ್ಲರಿಗಿಂತ ಹೆಚ್ಚು ಗಾಳಿಯೊಡನೆ ಹೋರಾಡಬೇಕು. ಹಿಂದಿರುಗುವಾಗ ಮುಂದೆ ಇದ್ದವನು ನಾನು. ಕಾಲಿನಲ್ಲಿ ಕಸುವಿತ್ತು, ಹಿಂದೆ ತಿರುಗಿ ನೋಡಲಿಲ್ಲ. ಕೃಷ್ಣರಾಜಪುರದ ತೂಗುಸೇತುವೆಯ ಬಳಿ ನಿಂತು ಎಣಿಸಿದಾಗ ಐದೇ ಜನ.

ನಾನೊಬ್ಬನೇ ಹಿಂದಕ್ಕೆ ಹೋದೆ. ಪತ್ರಿಕೆಯ ಹುಡುಗ ಬೂದಿಗೆರೆ ಕ್ರಾಸಿನಿಂದ ಈಚೆಗೆ ಒಂದು ಚಹದಂಗಡಿಯ ಮುಂದೆ ಕುಳಿತಿದ್ದ. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ಅಂಗಡಿಯ ತಾಯಿ ಸಕ್ಕರೆ ಹೆಚ್ಚು ಹಾಕಿದ ಚಹವನ್ನೂ ಬನ್ನನ್ನೂ ಕೊಟ್ಟಿದ್ದರು. “ನೀವು ಹೋಗಿ ಅಣ್ಣಾ, ನಾನು ಬರ್ತೀನಿ” ಎಂದ. ಅವನಿಗೆ ಶಕ್ತಿ ಸಾಲದು, ಈ ಆಟ ಅವನಿಗೆ ಒಗ್ಗದು ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ವಿಷಯ ತಿಳಿದದ್ದು ಆಮೇಲೆ. ಅವನು ನಾಲ್ಕು ಗಂಟೆಗೇ ಎದ್ದು, ತನ್ನ ಬೀದಿಗಳಿಗೆಲ್ಲ ಪತ್ರಿಕೆ ಹಾಕಿ, ಬರಿಹೊಟ್ಟೆಯಲ್ಲಿ ನಮ್ಮನ್ನು ಕೂಡಿಕೊಂಡಿದ್ದ. ನಮ್ಮ ದೇಹ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳುತ್ತದೆ. ಒಟ್ಟು ಅರ್ಧ ಕಿಲೋಗ್ರಾಮಿನ ಆಚೀಚೆ. ಯಕೃತ್ತಿನ ಪಾಲು ರಾತ್ರಿಯ ಉಪವಾಸದಲ್ಲೇ ಬಹಳ ಕರಗಿರುತ್ತದೆ. ಸ್ನಾಯುಗಳದ್ದು ಬಿರುಸಿನ ಶ್ರಮದಲ್ಲಿ ಒಂದೂವರೆ ಎರಡು ಗಂಟೆಯೊಳಗೆ ಬರಿದಾಗತೊಡಗುತ್ತದೆ. ಕೊಬ್ಬು ಎಷ್ಟಿದ್ದರೂ ಅಷ್ಟು ಬೇಗ ಉರಿದು ಒದಗಲಾರದು. ರಕ್ತದಲ್ಲಿ ಸಕ್ಕರೆ ಇಳಿದಾಗ ನಡುಕ, ತಣ್ಣನೆಯ ಬೆವರು, ಮಂಕು. ಇದು ಸಾಮರ್ಥ್ಯದ ಕೊರತೆಯಲ್ಲ, ಉಗ್ರಾಣದ ಕೊರತೆ. ಹೊರಡುವ ಮುಂಚೆ ತಿಂದು, ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಮಿನಷ್ಟು ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಮು ಇರುತ್ತದೆ. ಅಂದು ನನ್ನ ಚೀಲದಲ್ಲಿ ಅಂಥವು ಎರಡು ಇದ್ದವು.

ಮಂಗಳವಾರ ಅವನು ಈಜಿಗೆ ಬರಲಿಲ್ಲ, ಗುರುವಾರವೂ ಇಲ್ಲ. ಪತ್ರಿಕೆ ಮಾತ್ರ ಮನೆಯ ಬಾಗಿಲಿಗೆ ಬೀಳುತ್ತಿತ್ತು. ನಾನು ಎದುರಾಗಲು ನಾಚಿ ಮಲಗಿಯೇ ಇರುತ್ತಿದ್ದೆ. ಕಡೆಗೆ ಯಜಮಾನರೇ ನಾಲ್ಕು ಗಂಟೆಗೆ ಎದ್ದು, ಅವನ ಜೊತೆ ಬೀದಿ ಬೀದಿ ಸೈಕಲ್ಲು ತುಳಿದು ಬಂದರು. ಮರುದಿನ ನಾನೂ ಹೋದೆ. ಮೂರನೆಯ ಮಹಡಿಗೆ ಪತ್ರಿಕೆ ಎಸೆಯುವ ಕಲೆ ನನಗೆ ಸಿದ್ಧಿಸಲಿಲ್ಲ, ಅವನು ನಕ್ಕ. ಕ್ಷಮೆ ಕೇಳಲು ಬೇರೆ ಸಮಯ ಬೇಕಾಗಲಿಲ್ಲ.

ಅಂದಿನಿಂದ ಕೂಟ ಸೇರುವುದು ಐದೂವರೆಗಲ್ಲ, ಆರೂಕಾಲಿಗೆ, ಅವನ ಕೆಲಸ ಮುಗಿದ ಮೇಲೆ. ಅಕ್ಕ ಇಡ್ಲಿ ತರುತ್ತಾರೆ. ಎಲ್ಲರಿಗಿಂತ ನಿಧಾನವಾದವರು ವೇಗ ನಿರ್ಧರಿಸುತ್ತಾರೆ. ಬಲವಿದ್ದವರು ಮುಂದೆ ನಿಂತು ಗಾಳಿ ತಡೆಯುತ್ತಾರೆ. ವಿಚಿತ್ರವೆಂದರೆ, ಇಂಥ ದೂರದ ಸ್ಪರ್ಧೆಗಳಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಗಾಳಿಮರೆ ಪಡೆಯುವುದು ನಿಷಿದ್ಧ, ದಂಡನೆ ಉಂಟು. ಒಟ್ಟಿಗೆ ಕಲಿತು ಒಂಟಿಯಾಗಿ ತುಳಿಯಬೇಕು. ಅದಕ್ಕಾಗಿ ಎರಡು ವಾರಕ್ಕೊಮ್ಮೆ ಬಿಡಿ ಬಿಡಿಯಾಗಿ ಸವಾರಿ ಮಾಡಿ, ಇಳಿದ ಕೂಡಲೆ ಹತ್ತು ನಿಮಿಷ ಓಡುತ್ತೇವೆ. ಸೈಕಲ್ಲಿನಿಂದ ಇಳಿದ ಕಾಲು ಮೊದಮೊದಲು ನಮ್ಮ ಮಾತೇ ಕೇಳುವುದಿಲ್ಲ. ಅದನ್ನು ಪಳಗಿಸುವ ಉಪಾಯವಿದು.

ಗೋವೆಯ ಸೆಕೆಗೆ ಮೈ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕಂತೆ. ನಮ್ಮೂರಿನ ತಂಪು ಬೆಳಗು ಆ ವಿಷಯದಲ್ಲಿ ಮೋಸಗಾರ. ಆದರೆ ಅದು ದೂರದ ಮಾತು. ನೋಂದಣಿಯ ಹಣವೇ ನಮ್ಮ ಕಾಲೇಜಿನ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು. ಒಬ್ಬನನ್ನು ಕಳುಹಿಸಲೆಂದು ಅಕ್ಕನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ಇಟ್ಟಿದ್ದೇವೆ. ಯಾರನ್ನು ಎಂಬುದು ಐವರಿಗೆ ಗೊತ್ತು, ಆರನೆಯವನಿಗೆ ಇನ್ನೂ ಹೇಳಿಲ್ಲ. ಈಗ ಅದರಲ್ಲಿ ನಾಲ್ಕು ಸಾವಿರದ ಮುನ್ನೂರು ರೂಪಾಯಿ ಇದೆ. ನಮ್ಮೊಡನೆ ಸೇರಬಯಸುವ ವಿದ್ಯಾರ್ಥಿ ಮಿತ್ರರು ಯಾವ ಭಾನುವಾರವಾದರೂ ಬರಬಹುದು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಬನ್ನಿ.